ನಾಯಿಗೆ ಬಿಡದ ತುರಿಕೆ: ಕಾರಣ ಹುಡುಕುವ ಕ್ರಮ

ನಾಯಿಯ ಚರ್ಮದ ಅಲರ್ಜಿಯನ್ನು ಒಂದೇ ಏಟಿಗೆ ಹೇಳಿಬಿಡುವ ಪರೀಕ್ಷೆ ಇಲ್ಲ. ಬೆಳಗ್ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತರುವ ಕಾಯಿಲೆಯಲ್ಲ ಇದು. ಬೇರೆ ಬೇರೆ ಕಾರಣಗಳನ್ನು ಒಂದೊಂದಾಗಿ ನೋಡಿ, ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಕೊನೆಗೆ ಉಳಿದದ್ದನ್ನು ಹಿಡಿಯಬೇಕು. ಹಾಗಾಗಿ ಯಾವುದನ್ನು ಮೊದಲು ನೋಡುತ್ತೀರಿ ಅನ್ನುವುದು ಎಲ್ಲಕ್ಕಿಂತ ಮುಖ್ಯ.

ಕ್ರಮ ಹೀಗಿರಲಿ: ಮೊದಲು ಚಿಗಟ, ಉಣ್ಣೆ. ಆಮೇಲೆ ಕಜ್ಜಿ ಹುಳ. ಆಮೇಲೆ ಚರ್ಮದ ಸೋಂಕು. ಅದಾದ ಮೇಲೆ ಊಟ. ಕಟ್ಟಕಡೆಗೆ ಧೂಳು, ಪರಾಗದ ಅಲರ್ಜಿ.

ಹೆಚ್ಚಿನವರು ನೇರ ಊಟಕ್ಕೆ ಕೈ ಹಾಕುತ್ತಾರೆ. ಕೋಳಿ ನಿಲ್ಲಿಸುತ್ತಾರೆ, ವಾರ ಬಿಟ್ಟು ಬೇರೆ ಕಂಪನಿಯ ಆಹಾರ ತರುತ್ತಾರೆ, ನಡುವೆ ಶಾಂಪೂ ಬದಲಿಸುತ್ತಾರೆ, ಯಾರೋ ಹೇಳಿದರು ಅಂತ ಮೀನೆಣ್ಣೆ ಶುರು ಮಾಡುತ್ತಾರೆ. ತಿಂಗಳಾದ ಮೇಲೆ ತುರಿಕೆ ಕಡಿಮೆಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಜಾಸ್ತಿಯಾದರೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಹಟ ಹಿಡಿದು ಹೇಳುವ ಮಾತು ಇದೊಂದೇ.

ಆದರೆ ಮುಖ, ತುಟಿ ಏಕಾಏಕಿ ಊದಿಕೊಂಡಿದ್ದರೆ, ಮೈಮೇಲೆ ದದ್ದು ಎದ್ದು ವಾಂತಿಯೂ ಆಗುತ್ತಿದ್ದರೆ, ಉಸಿರಾಡಲು ಕಷ್ಟಪಡುತ್ತಿದ್ದರೆ ಯಾವ ಕ್ರಮವೂ ಬೇಡ. ಓದುವುದನ್ನು ಬಿಟ್ಟು ಈಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಎಲ್ಲಿ ಕೆರೆಯುತ್ತಿದೆ?

ಔಷಧಿಗೆ ಓಡುವ ಮುಂಚೆ ಎರಡು ಮೂರು ದಿನ ಸುಮ್ನೆ ಕೂತು ನೋಡಿ. ನಾಯಿ ಯಾವ ಜಾಗ ಕೆರೆಯುತ್ತದೆ, ಎಲ್ಲಿ ಕಚ್ಚಿಕೊಳ್ಳುತ್ತದೆ, ಎಲ್ಲಿ ನೆಕ್ಕುತ್ತದೆ? ಅರ್ಧ ಉತ್ತರ ಅಲ್ಲೇ ಇರುತ್ತದೆ.

ಬಾಲದ ಬುಡ, ಸೊಂಟದ ಮೇಲ್ಭಾಗ, ತೊಡೆಯ ಹಿಂಭಾಗ ಅಂದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗೆಣ್ಣು ಅಂದರೆ ಕಜ್ಜಿ. ಮುಂಗಾಲಿನ ಪಾದ, ಕಂಕುಳು, ತೊಡೆ ಸಂದು, ಹೊಟ್ಟೆ, ಕಿವಿಯ ಒಳಗೆ, ಕಣ್ಣು ಬಾಯಿಯ ಸುತ್ತ ಅಂದರೆ ನಿಜವಾದ ಅಲರ್ಜಿ ಇರಬಹುದು. ಅದು ಊಟದ್ದೋ ಧೂಳಿನದ್ದೋ ಅಂತ ಬರೀ ಜಾಗ ನೋಡಿ ಹೇಳಲು ಆಗುವುದಿಲ್ಲ. ಕಿವಿ ಮತ್ತು ಗುದದ ಸುತ್ತ ಎರಡೂ ಕಡೆ ಕಾಟ ಇದ್ದು, ದಿನಕ್ಕೆ ಮೂರಕ್ಕಿಂತ ಜಾಸ್ತಿ ಸಲ ಕಕ್ಕ ಮಾಡುತ್ತಿದ್ದರೆ ಊಟದ ಕಡೆ ಅನುಮಾನ ಸ್ವಲ್ಪ ಬಲವಾಗುತ್ತದೆ.

ಪಾದ ನೆಕ್ಕುವುದನ್ನು ತುಂಬಾ ಜನ ಅಭ್ಯಾಸ ಅಂದುಕೊಂಡು ಬಿಟ್ಟುಬಿಡುತ್ತಾರೆ. ತಿಳಿ ಬಣ್ಣದ ನಾಯಿಯಾದರೆ ಬೆರಳ ಸಂದು ಬಿಡಿಸಿ ನೋಡಿ. ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ಎಂಜಲಿನ ಕಲೆ. ನೀವು ಆಫೀಸಿಗೆ ಹೋದಾಗ, ರಾತ್ರಿ ಮಲಗಿದಾಗ ಅದು ಗಂಟೆಗಟ್ಟಲೆ ನೆಕ್ಕುತ್ತಿದೆ ಅಂತ ಅರ್ಥ.

ಇನ್ನೊಂದು ಬಗೆ ಇದೆ. ಎರಡೂ ಪಕ್ಕ ಒಂದೇ ಸಮ ಕೂದಲು ಉದುರಿರುತ್ತದೆ, ಆದರೆ ನಾಯಿ ಕೆರೆಯುವುದೇ ಇಲ್ಲ. ಇದು ಬಹುತೇಕ ಥೈರಾಯ್ಡ್ ಅಥವಾ ಬೇರೆ ಹಾರ್ಮೋನಿನ ತೊಂದರೆ. ಅದಕ್ಕೆ ದಾರಿಯೇ ಬೇರೆ, ರಕ್ತ ಪರೀಕ್ಷೆ ಬೇಕು.

ವಯಸ್ಸನ್ನೂ ಬರೆದಿಡಿ. ಧೂಳು, ಪರಾಗದ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದ ಒಳಗೆ ಶುರುವಾಗುತ್ತದೆ. ತೀರಾ ಮರಿಯಲ್ಲಿ, ಇಲ್ಲವೇ ಏಳೆಂಟು ವರ್ಷದವರೆಗೆ ಚೆನ್ನಾಗಿದ್ದ ನಾಯಿಗೆ ಹೊಸದಾಗಿ ತುರಿಕೆ ಬಂದರೆ ಊಟವನ್ನು, ಪರಾವಲಂಬಿ ಹುಳಗಳನ್ನು ಹೆಚ್ಚು ಗಮನಿಸಬೇಕು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬಂದು ಹೋಗುವ ತುರಿಕೆಗೆ ದಿನವೂ ತಿನ್ನುವ ಊಟ ಕಾರಣವಾಗಿರುವುದು ಅಪರೂಪ.

ಪ್ರತಿ ಭಾನುವಾರ ತುರಿಕೆಗೆ 0ಯಿಂದ 10ರವರೆಗೆ ಒಂದು ಅಂಕ ಕೊಡಿ. 0 ಅಂದರೆ ಇಲ್ಲ, 10 ಅಂದರೆ ನಿದ್ದೆ, ಊಟ ಬಿಟ್ಟು ಕೆರೆಯುವುದು. ಚರ್ಮದ ಡಾಕ್ಟರುಗಳೂ ಇಂಥದ್ದೇ ಅಳತೆ ಬಳಸುತ್ತಾರೆ. ಕ್ಯಾಲೆಂಡರಿನ ಮೇಲೆ ಗೀಚಿಟ್ಟರೂ ಸಾಕು. ಮುಂದೆ ಎಲ್ಲ ತೀರ್ಮಾನಕ್ಕೂ ಈ ಅಂಕವೇ ಆಧಾರ.

ಚಿಗಟ: ಕಣ್ಣಿಗೆ ಕಾಣದಿದ್ದರೂ ಇರುತ್ತದೆ

"ನಮ್ಮ ನಾಯಿಗೆ ಚಿಗಟ ಇಲ್ಲ, ದಿನಾ ಬಾಚುತ್ತೇವೆ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಚಿಗಟದ ಎಂಜಲಿಗೇ ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತ ಸಾಕು. ಅದೂ ಅಲ್ಲದೆ ಕೆರೆದು, ಕಚ್ಚಿ, ನೆಕ್ಕಿ ಚಿಗಟವನ್ನು ನಾಯಿಯೇ ನುಂಗಿಬಿಟ್ಟಿರುತ್ತದೆ.

ಒಂದು ಬಿಳಿ ಕಾಗದ ಒದ್ದೆ ಮಾಡಿ ನೆಲದ ಮೇಲೆ ಹಾಸಿ. ನಾಯಿಯನ್ನು ಅದರ ಮೇಲೆ ನಿಲ್ಲಿಸಿ, ಬಾಲದ ಬುಡದ ಕೂದಲನ್ನು ಹಿಮ್ಮುಖವಾಗಿ ಚೆನ್ನಾಗಿ ಉಜ್ಜಿ. ಕಪ್ಪು ಪುಡಿ ಉದುರಿದರೆ ಒಂದೆರಡು ನಿಮಿಷ ಕಾಯಿರಿ. ಸುತ್ತ ಕೆಂಗಂದು ಬಣ್ಣ ಹರಡಿತಾ? ಹಾಗಾದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅದರಲ್ಲಿರುವುದು ನಿಮ್ಮ ನಾಯಿಯದೇ ಜೀರ್ಣವಾದ ರಕ್ತ.

ಕಾಗದದಲ್ಲಿ ಏನೂ ಕಾಣದಿದ್ದರೂ ಚಿಗಟದ ಔಷಧಿಯನ್ನು ಕನಿಷ್ಠ ಮೂರು ತಿಂಗಳು ಬಿಡದೆ ಕೊಡಿ. ಯಾಕೆಂದರೆ ಮೈಮೇಲೆ ಕಾಣುವುದು ಬೆಳೆದ ಚಿಗಟ ಮಾತ್ರ. ಮೊಟ್ಟೆ, ಮರಿ, ಗೂಡು ಎಲ್ಲ ಇರುವುದು ಸೋಫಾ ಸಂದಿನಲ್ಲಿ, ಹಾಸಿಗೆಯಲ್ಲಿ, ನೆಲಹಾಸಿನಲ್ಲಿ. ಗೂಡಿನಲ್ಲಿರುವ ಚಿಗಟ ತಿಂಗಳುಗಟ್ಟಲೆ ಕಾದು ಹೊರಬರಬಲ್ಲದು, ಔಷಧಿ ಅದಕ್ಕೆ ತಾಗುವುದಿಲ್ಲ. ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕಿಗೂ ಔಷಧಿ ಆಗಬೇಕು. ನಮ್ಮ ಊರುಗಳಲ್ಲಿ ಚಿಗಟ ಪೂರ್ತಿ ಸಾಯುವಷ್ಟು ಚಳಿ ಬೀಳುವುದಿಲ್ಲ. ಹಾಗಾಗಿ ಇದಕ್ಕೆ ರಜೆ ಇಲ್ಲ.

ಈಗ ಫ್ಲುರಾಲನರ್, ಅಫಾಕ್ಸೊಲನರ್, ಸಾರೊಲನರ್ ಎಂಬ ಗುಂಪಿನ ಮಾತ್ರೆಗಳು ಸಿಗುತ್ತವೆ. ಚಿಗಟ, ಉಣ್ಣೆ ಎರಡಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ. ಫ್ಲುರಾಲನರ್ ಮಾತ್ರೆ ಚಿಗಟದ ಮೇಲೆ 12 ವಾರ ನಿಲ್ಲುತ್ತದೆ, ಉಳಿದೆರಡನ್ನು ತಿಂಗಳಿಗೊಮ್ಮೆ ಕೊಡಬೇಕು. ನಾಯಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿಯನ್ನು ಅದಕ್ಕೆ ಯಾವತ್ತೂ ಹಚ್ಚಬೇಡಿ, ಪ್ರಾಣಕ್ಕೇ ಕುತ್ತು.

ಕಜ್ಜಿ ಹುಳ

ಇದಕ್ಕೆ ಡಾಕ್ಟರು ಬೇಕೇ ಬೇಕು. ಬ್ಲೇಡಿಗೆ ಒಂದು ಹನಿ ಎಣ್ಣೆ ಹಾಕಿ, ರಕ್ತ ಸಣ್ಣಗೆ ಜಿನುಗುವವರೆಗೆ ಚರ್ಮ ಕೆರೆದು, ಬಂದದ್ದನ್ನು ಗಾಜಿನ ಸ್ಲೈಡಿಗೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನೋಡಲು ಕರುಳು ಚುರ್ ಅನ್ನುತ್ತದೆ ನಿಜ. ಆದರೆ ಮೇಲೆ ಮೇಲೆ ಕೆರೆದರೆ ಡೆಮೊಡೆಕ್ಸ್ ಹುಳ ಸಿಗುವುದಿಲ್ಲ, ಅದು ಕೂದಲ ಬುಡದಲ್ಲಿ ಆಳವಾಗಿ ಕೂತಿರುತ್ತದೆ. ತುರಿಕೆ ಅಂತ ಹೋದಾಗ ಈ ಪರೀಕ್ಷೆ ಮಾಡದೆಯೇ ಚೀಟಿ ಬರೆದರೆ, "ಒಂದು ಸಲ ಸ್ಕ್ರೇಪಿಂಗ್ ಮಾಡಿ ನೋಡೋಣವಾ ಸಾರ್" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ತೋರಿಸಬಹುದು.

ಸಾರ್ಕೊಪ್ಟಿಸ್ ಎಂಬ ಇನ್ನೊಂದು ಹುಳ ಭಯಂಕರ ತುರಿಕೆ ಕೊಡುತ್ತದೆ, ಆದರೆ ಎಷ್ಟೋ ಸಲ ಸ್ಲೈಡಿನಲ್ಲಿ ಸಿಗುವುದೇ ಇಲ್ಲ. ಕಿವಿಯ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿ. ಅದೇ ಪಕ್ಕದ ಹಿಂಗಾಲು ಗಾಳಿಯಲ್ಲಿ ಕೆರೆಯಲು ಶುರು ಮಾಡಿದರೆ ಅನುಮಾನ ಗಟ್ಟಿ. ಮನೆಯವರ ಕೈ, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಎದ್ದಿದ್ದರೆ ಇನ್ನೂ ಗಟ್ಟಿ. ಆಗ ಸ್ಲೈಡಿನಲ್ಲಿ ಹುಳ ಕಾಣದಿದ್ದರೂ ಔಷಧಿ ಕೊಟ್ಟು ನೋಡುವುದು ರೂಢಿ. ಮೇಲೆ ಹೇಳಿದ ಮಾತ್ರೆಗಳು ಈ ಎರಡೂ ಹುಳಗಳ ಮೇಲೆ ಕೆಲಸ ಮಾಡುತ್ತವೆ, ಅದು ನಮ್ಮ ಅದೃಷ್ಟ.

ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಮೆಡಿಕಲ್ ಶಾಪಿನಿಂದ ತಂದು ಯಾರ ಕೈಯಲ್ಲೋ ಹಾಕಿಸುವವರು ಇದ್ದಾರೆ. ದಯವಿಟ್ಟು ಬೇಡ. ಕೋಲಿ ಜಾತಿಯ ಮತ್ತು ಅದರ ಸಂಬಂಧದ ಕೆಲವು ನಾಯಿಗಳಲ್ಲಿ ಒಂದು ಜೀನಿನ ದೋಷದಿಂದ ಈ ಔಷಧಿ ಮಿದುಳಿಗೆ ಸೇರಿ ಪ್ರಾಣ ಹೋಗಬಹುದು. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚುವುದಂತೂ ಹಿಂಸೆ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಬೀದಿ ನಾಯಿಗಳ ಮೇಲೆ ಇದನ್ನು ಸುರಿಯುವವರನ್ನು ಕಂಡರೆ ತಡೆಯಿರಿ.

ಸೋಂಕು: ಕೆರೆತದ ಮೇಲೆ ಕೆರೆತ

ಅಲರ್ಜಿ ಇದ್ದ ಚರ್ಮದ ಮೇಲೆ ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಬೇಗ ಬೆಳೆಯುತ್ತವೆ. ಆಮೇಲೆ ಅವುಗಳಿಂದಲೂ ತುರಿಕೆ. ಇದನ್ನು ಮೊದಲು ಗುಣ ಮಾಡದೆ ಊಟ ಬದಲಿಸಿದರೆ, ಊಟ ಸರಿ ಇದ್ದರೂ ನಾಯಿ ಕೆರೆಯುತ್ತಲೇ ಇರುತ್ತದೆ. ನೀವು ಊಟ ಕಾರಣವಲ್ಲ ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಯೀಸ್ಟ್ ಆದರೆ ಕಮಟು ವಾಸನೆ, ಕೈಗೆ ಜಿಡ್ಡು, ಹಳತಾದರೆ ಕಂಕುಳು ಮತ್ತು ಕುತ್ತಿಗೆಯ ಕೆಳಗೆ ಚರ್ಮ ಆನೆಯದರ ಹಾಗೆ ಕಪ್ಪಗೆ ದಪ್ಪ. ಬ್ಯಾಕ್ಟೀರಿಯಾ ಆದರೆ ಹೊಟ್ಟೆಯ ಮೇಲೆ ಕೀವಿನ ಸಣ್ಣ ಗುಳ್ಳೆ, ಒಡೆದ ಮೇಲೆ ಅಂಚಿನಲ್ಲಿ ಹೊಟ್ಟು ಎದ್ದ ದುಂಡನೆಯ ಗುರುತು. ಈ ದುಂಡು ಗುರುತನ್ನು ಹುಳುಕಡ್ಡಿ ಅಂದುಕೊಂಡು ಮನುಷ್ಯರ ಮುಲಾಮು ಹಚ್ಚುವವರು ಜಾಸ್ತಿ. ಆ ಟ್ಯೂಬುಗಳಲ್ಲಿ ಹಲವಕ್ಕೆ ಬಲವಾದ ಸ್ಟಿರಾಯ್ಡ್ ಸೇರಿಸಿರುತ್ತಾರೆ, ನಾಯಿ ಅದನ್ನು ನೆಕ್ಕುತ್ತದೆ. ಡಾಕ್ಟರು ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ನೋಡಿದರೆ ಯಾವುದು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಸೋಂಕು ಮೇಲ್ಮೈಯಲ್ಲಿದ್ದರೆ ಕ್ಲೋರ್‌ಹೆಕ್ಸಿಡಿನ್ ಇರುವ, ಯೀಸ್ಟ್ ಇದ್ದರೆ ಜೊತೆಗೆ ಮೈಕೊನಜೋಲ್ ಇರುವ ಶಾಂಪೂವಿನಿಂದಲೇ ಎಷ್ಟೋ ಗುಣವಾಗುತ್ತದೆ. ನೊರೆ ಹಚ್ಚಿ 10 ನಿಮಿಷ ಬಿಡಬೇಕು, ಇದು ತುಂಬಾ ಮುಖ್ಯ. ಎರಡು ನಿಮಿಷಕ್ಕೆ ತೊಳೆದರೆ ದುಡ್ಡು ಚರಂಡಿಗೆ ಹೋದಂತೆ. ನೀರು ಉಗುರು ಬೆಚ್ಚಗಿರಲಿ, ಬಿಸಿ ನೀರು ತುರಿಕೆ ಏರಿಸುತ್ತದೆ. ಆಂಟಿಬಯಾಟಿಕ್ ಬೇಕಾದರೆ ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಾಯಿಗಳಲ್ಲೂ ಈಗ ದೊಡ್ಡ ತಲೆನೋವು. ಕಿವಿಗೆ ಹತ್ತಿ ಕಡ್ಡಿ ಹಾಕಬೇಡಿ. ಕಿವಿಯ ತಮಟೆ ಸರಿ ಇದೆಯಾ ನೋಡದೆ ಡ್ರಾಪ್ಸ್ ಹಾಕುವುದೂ ಬೇಡ.

ಇಲ್ಲೇ ಇನ್ನೊಂದು ಮಾತು. "ಒಂದು ಇಂಜೆಕ್ಷನ್ ಹಾಕಿದರು, ಮರುದಿನವೇ ಸರಿಹೋಯಿತು" ಅಂತ ಕೇಳಿರುತ್ತೀರಿ ಅಲ್ವಾ? ಅದು ಸಾಮಾನ್ಯವಾಗಿ ಹಲವು ವಾರ ಮೈಯಲ್ಲಿ ಉಳಿಯುವ ಸ್ಟಿರಾಯ್ಡ್. ತುರಿಕೆ ನಿಲ್ಲುತ್ತದೆ, ಕಾರಣ ಹಾಗೇ ಇರುತ್ತದೆ, ಅಷ್ಟು ದಿನ ಯಾವ ಪ್ರಯೋಗದ ಫಲವೂ ಸರಿಯಾಗಿ ಕಾಣುವುದಿಲ್ಲ. ತುಂಬಾ ಒದ್ದಾಡುತ್ತಿರುವ ನಾಯಿಗೆ ಕೆಲವು ದಿನ ಸ್ಟಿರಾಯ್ಡ್ ಮಾತ್ರೆ ಕೊಡುವುದು ಬೇರೆ ವಿಷಯ, ಮಾತ್ರೆಯನ್ನು ಬೇಕಾದಾಗ ಇಳಿಸಿ ನಿಲ್ಲಿಸಬಹುದು.

ಸೋಂಕು ಹೋದ ಮೇಲೆ ಮತ್ತೆ ಅಂಕ ಹಾಕಿ. 8 ಇದ್ದದ್ದು 2ಕ್ಕೆ ಇಳಿದಿದ್ದರೆ ಸದ್ಯಕ್ಕೆ ಊಟದ ತಂಟೆಗೆ ಹೋಗಬೇಕಾಗಿಲ್ಲ. 5ರ ಮೇಲೇ ನಿಂತಿದ್ದರೆ ಮುಂದಿನ ಹೆಜ್ಜೆ.

ಊಟದ ಪ್ರಯೋಗ: 8 ವಾರ, ಒಂದು ತುಣುಕೂ ಆಚೀಚೆ ಇಲ್ಲ

ರಕ್ತ, ಎಂಜಲು, ಕೂದಲು ಕಳಿಸಿ ಊಟದ ಅಲರ್ಜಿ ಪತ್ತೆ ಮಾಡುವ ಪರೀಕ್ಷೆಗಳನ್ನು ಮಾರುತ್ತಾರೆ. ಅವುಗಳ ಫಲಿತಾಂಶವನ್ನು ನಂಬಿ ಊಟ ನಿರ್ಧರಿಸಲು ಆಗುವುದಿಲ್ಲ. ಊಟದ ಅಲರ್ಜಿ ಹೌದೋ ಅಲ್ಲವೋ ಅಂತ ತಿಳಿಯಲು ಇರುವುದು ಒಂದೇ ದಾರಿ: ನಾಯಿ ಹಿಂದೆ ತಿಂದಿರದ ಊಟ ಮಾತ್ರ ಕೊಟ್ಟು ನೋಡಿ, ಆಮೇಲೆ ಹಳೇ ಊಟ ಮತ್ತೆ ಕೊಟ್ಟು ನೋಡುವುದು. 8 ವಾರ ಯಾಕೆ? ಊಟದ ಅಲರ್ಜಿ ಇರುವ ನಾಯಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಅಷ್ಟರೊಳಗೆ ಚೇತರಿಸಿಕೊಳ್ಳುತ್ತವೆ. ಮೂರು ವಾರಕ್ಕೆ "ಪ್ರಯೋಜನ ಇಲ್ಲ" ಅಂತ ಕೈಬಿಟ್ಟರೆ ಅರ್ಧ ದಾರಿಯಿಂದ ವಾಪಸ್ ಬಂದಂತೆ.

2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಊಟದ ಅಲರ್ಜಿ ಖಚಿತವಾದ ನಾಯಿಗಳಲ್ಲಿ ಕಾರಣ ಹೀಗಿತ್ತು: ದನದ ಮಾಂಸ ನೂರಕ್ಕೆ 34, ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13. ಅವೆಲ್ಲ ಬಹುತೇಕ ಹೊರದೇಶದ ನಾಯಿಗಳು, ಅಲ್ಲಿನ ಊಟ ಬೇರೆ. ನಾಯಿ ಯಾವುದನ್ನು ಜಾಸ್ತಿ ದಿನ ತಿಂದಿದೆಯೋ ಅದಕ್ಕೇ ಅಲರ್ಜಿ ಬೆಳೆಯುವುದು. ನಮ್ಮ ಮನೆಗಳಲ್ಲಿ ಅದು ಮೊಸರನ್ನ, ಹಾಲು, ಬಿಸ್ಕತ್ತು, ಕೋಳಿ, ಮೊಟ್ಟೆ. ಎಲ್ಲರೂ ಕೋಳಿಯನ್ನೇ ದೂರುತ್ತಾರೆ, ಮೊಸರನ್ನು ಯಾರೂ ಅನುಮಾನಿಸುವುದಿಲ್ಲ. ಮಾಂಸ ಮಾಡದ ಮನೆಯಲ್ಲಿ ಬೆಳೆದ ನಾಯಿಗೆ ಮೊದಲು ಅನುಮಾನಿಸಬೇಕಾದದ್ದೇ ಹಾಲು, ಮೊಸರು.

ಹೊಸ ಊಟಕ್ಕೆ ಎರಡು ದಾರಿ. ಒಂದು, ಪ್ರೋಟೀನನ್ನು ಚೂರು ಚೂರು ಒಡೆದು ದೇಹ ಗುರುತಿಸದ ಹಾಗೆ ಮಾಡಿದ ಹೈಡ್ರೊಲೈಸ್ಡ್ ಆಹಾರ. ಡಾಕ್ಟರ ಚೀಟಿ ಮೇಲೆ ತರುವುದು, ಬೆಲೆ ಜಾಸ್ತಿ, ಆದರೆ ಕೆಲಸ ಸುಲಭ. ಇನ್ನೊಂದು, ಮನೆಯಲ್ಲೇ ಬೇಯಿಸುವುದು: ಒಂದು ಹೊಸ ಪ್ರೋಟೀನು, ಒಂದು ಹೊಸ ಪಿಷ್ಟ. ಬಯಲುಸೀಮೆಯಲ್ಲಿ ಕೋಳಿ ತಿಂದು ಬೆಳೆದ ನಾಯಿಗೆ ಮೀನು ಮತ್ತು ಸಿಹಿಗೆಣಸು ಆಗಬಹುದು. ಮಂಗಳೂರು, ಉಡುಪಿ ಕಡೆಯ ನಾಯಿಗೆ ಮೀನು ಹೊಸದೇ ಅಲ್ಲ, ಅಲ್ಲಿ ಹಂದಿ ಮಾಂಸ ನೋಡಬಹುದು. ಕೊಡಗಿನಲ್ಲಿ ಹಂದಿಯೂ ಹಳತಾಗಿರಬಹುದು. ಕೋಳಿ ಆಗದ ನಾಯಿಗೆ ಬಾತು, ಕೌಜುಗ ಕೂಡ ಆಗದೇ ಇರಬಹುದು. ದನ ಆಗದಿದ್ದರೆ ಎಮ್ಮೆ, ಕುರಿಯ ಮೇಲೂ ಕಣ್ಣಿರಲಿ. ಮುಳ್ಳು ತೆಗೆದು, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಚೆನ್ನಾಗಿ ಬೇಯಿಸಿ. ಬೆಳೆದ ನಾಯಿಗೆ ಎರಡು ತಿಂಗಳು ಇದು ನಡೆಯುತ್ತದೆ. ವರ್ಷ ತುಂಬದ ಮರಿಗೆ ಸಾಲದು, ಕ್ಯಾಲ್ಸಿಯಂ ಕೊರತೆಯಾಗುತ್ತದೆ. ಅದಕ್ಕೆ ಹೈಡ್ರೊಲೈಸ್ಡ್ ಆಹಾರವೇ ಸರಿ, ಮರಿಗೆ ಹೊಂದುವುದನ್ನು ಡಾಕ್ಟರು ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ "ಮೀನಿನ ಆಹಾರ" ಪ್ಯಾಕೆಟ್ ಪ್ರಯೋಗಕ್ಕೆ ಆಗದು. ಅಂಥ ಹಲವು ಪ್ಯಾಕೆಟ್ಟುಗಳಲ್ಲಿ ಲೇಬಲ್ಲಿನಲ್ಲಿ ಬರೆಯದ ಕೋಳಿ ಇತ್ಯಾದಿ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಪ್ರಯೋಗ ಕೆಡುವುದು ತಟ್ಟೆಯಲ್ಲಲ್ಲ, ತಟ್ಟೆಯ ಆಚೆ. ಬೆಳಗ್ಗೆ ಕಾಫಿ ಜೊತೆ ಅಜ್ಜಿ ಕೊಡುವ ಬಿಸ್ಕತ್ತು, ಮಗುವಿನ ಕೈಯಿಂದ ಬಿದ್ದ ಚಪಾತಿ ಚೂರು, ಪಕ್ಕದ ಮನೆಯವರು ಪ್ರೀತಿಯಿಂದ ಎಸೆಯುವ ಮೂಳೆ, ವಾಕಿಂಗ್ ಹೋದಾಗ ಕಸದ ಹತ್ತಿರ ಬಾಯಿ ಹಾಕಿದ್ದು, ಬೆಕ್ಕಿನ ಬಟ್ಟಲು. ಇನ್ನೂ ಯಾರ ಕಣ್ಣಿಗೂ ಬೀಳದ್ದು ಔಷಧಿಗಳು. ಜಂತಿನ ಮಾತ್ರೆ, ಚಿಗಟದ ಅಗಿಯುವ ಮಾತ್ರೆಗೆ ಮಾಂಸದ ರುಚಿ ಬೆರೆಸಿರುತ್ತಾರೆ. ಪ್ರಯೋಗದ ಸಮಯಕ್ಕೆ ರುಚಿ ಇಲ್ಲದ್ದು ಅಥವಾ ಬೆನ್ನ ಮೇಲೆ ಹಚ್ಚುವುದು ಕೊಡಿ ಅಂತ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ಬೆಣ್ಣೆಯಲ್ಲಿ ಸುತ್ತಿ ಕೊಡುವ ರೂಢಿ ಇದ್ದರೆ ಅದನ್ನೂ ನಿಲ್ಲಿಸಿ, ಬೇಯಿಸಿದ ಗೆಣಸಿನಲ್ಲಿ ಸುತ್ತಿ. ಮನೆಯ ಎಲ್ಲರನ್ನೂ ಕೂರಿಸಿಕೊಂಡು ಹೇಳಿ, ಅಜ್ಜಿಗೆ ಮುಖ್ಯವಾಗಿ ಹೇಳಿ: "ಅಜ್ಜಿ, ನಿಮ್ಮ ಕೈಯಿಂದಲೇ ತಿನ್ನಲಿ, ಆದರೆ ಈ ಡಬ್ಬಿಯದ್ದು ಮಾತ್ರ." ಕೊಡಬೇಡಿ ಅಂದರೆ ಕದ್ದು ಕೊಡುತ್ತಾರೆ. ಕೊಡಲು ಏನಾದರೂ ಕೈಗಿಟ್ಟರೆ ಸಂತೋಷವಾಗಿ ಪಾಲಿಸುತ್ತಾರೆ.

ಹೊಸ ಊಟವನ್ನು ನಾಲ್ಕೈದು ದಿನದಲ್ಲಿ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ, ಇಲ್ಲವಾದರೆ ಭೇದಿ ಆಗುತ್ತದೆ. ಮೊದಲ ವಾರಗಳಲ್ಲಿ ತುರಿಕೆಯ ಔಷಧಿ ಬೇಕಾದರೆ ನಡೆಯಲಿ. ಕೊನೆಯ ಎರಡು ವಾರವಾದರೂ ಅದಿಲ್ಲದೆ ನೋಡಬೇಕು.

ಹಳೇ ಊಟ ಮತ್ತೆ ಕೊಡುವುದು

ನಾಯಿ ಸುಧಾರಿಸಿತು ಅಂದುಕೊಳ್ಳಿ. ಇಲ್ಲಿಗೆ ನಿಲ್ಲಿಸಲು ಎಲ್ಲರಿಗೂ ಮನಸ್ಸಾಗುತ್ತದೆ. ಆದರೆ ಹವೆ ಬದಲಾಗಿ, ಶಾಂಪೂವಿನಿಂದ, ಚಿಗಟ ಹೋದದ್ದರಿಂದ ಕೂಡ ಕಡಿಮೆಯಾಗಿರಬಹುದು. ಹಳೇ ಊಟ ಮತ್ತೆ ಕೊಟ್ಟಾಗ ತುರಿಕೆ ಎದ್ದರೆ ಮಾತ್ರ ಅದು ಊಟದ ಅಲರ್ಜಿ. ಕೆಲವಕ್ಕೆ ಗಂಟೆಗಳಲ್ಲಿ, ಕೆಲವಕ್ಕೆ ಎರಡು ವಾರದವರೆಗೂ ಹಿಡಿಯುತ್ತದೆ. ಎದ್ದ ತಕ್ಷಣ ಪ್ರಯೋಗದ ಊಟಕ್ಕೆ ವಾಪಸ್ ಹೋಗಿ, ತಣ್ಣಗಾದ ಮೇಲೆ ಒಂದೊಂದೇ ಪದಾರ್ಥ ಎರಡೆರಡು ವಾರ ಕೊಟ್ಟು ನೋಡಿ: ಬರೀ ಕೋಳಿ, ಆಮೇಲೆ ಬರೀ ಮೊಸರು, ಆಮೇಲೆ ಗೋಧಿ.

ಪರಿಚಯದವರ ಮನೆಯ ಲ್ಯಾಬ್ರಡಾರ್ ಒಂದಕ್ಕೆ ಹೀಗೇ ಮಾಡಿದರು. ಮನೆಯವರೆಲ್ಲ ಕೋಳಿಯದೇ ಕಾಟ ಅಂತ ನಂಬಿದ್ದರು. ಕೋಳಿ ವಾಪಸ್ ಬಂತು, ಎರಡು ವಾರ ಏನೂ ಆಗಲಿಲ್ಲ. ಮೊಸರು ಕೊಟ್ಟ ಮರುದಿನ ಸಂಜೆ ಅದು ಬಾಗಿಲ ಚೌಕಟ್ಟಿಗೆ ಕಿವಿ ತಿಕ್ಕುತ್ತಾ ನಿಂತಿತ್ತು, ಕಿವಿಯ ಒಳಗೆ ಕೆಂಪಗೆ ಬಿಸಿ. ಈಗ ಅದು ಕೋಳಿ ಅನ್ನ ತಿಂದುಕೊಂಡು ಆರಾಮಾಗಿದೆ. ಈ ಹೆಜ್ಜೆ ಬಿಟ್ಟಿದ್ದರೆ ಜೀವಮಾನವಿಡೀ ದುಬಾರಿ ಆಹಾರ ತರಬೇಕಾಗಿತ್ತು.

ಮನೆಯ ಊಟವನ್ನೇ ಮುಂದುವರಿಸುವುದಾದರೆ ಕ್ಯಾಲ್ಸಿಯಂ, ಸತು, ವಿಟಮಿನ್ ಎಷ್ಟು ಬೇಕು ಅಂತ ಡಾಕ್ಟರ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ.

ಊಟ ಅಲ್ಲ ಅಂತಾದರೆ

ಉಳಿಯುವುದು ಧೂಳಿನ ಹುಳ, ಪರಾಗ, ಬೂಸಿನ ಅಲರ್ಜಿ, ಡಾಕ್ಟರುಗಳ ಮಾತಿನಲ್ಲಿ ಅಟೊಪಿ. ಇದು ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಕೆಲವು ನಾಯಿಗೆ ಊಟದ್ದು, ಧೂಳಿನದ್ದು ಎರಡೂ ಇರುತ್ತದೆ. ಹಾಗಾಗಿ ಊಟದ ಪ್ರಯೋಗದಲ್ಲಿ ಅಂಕ ಅರ್ಧ ಇಳಿದರೂ ಅದು ಸೋಲಲ್ಲ.

ಆಕ್ಲಾಸಿಟಿನಿಬ್ ಮಾತ್ರೆ ಬೇಗ ಕೆಲಸ ಮಾಡುತ್ತದೆ, ವರ್ಷ ತುಂಬದ ನಾಯಿಗೆ ಕೊಡುವ ಹಾಗಿಲ್ಲ. ಸೈಕ್ಲೊಸ್ಪೊರಿನ್ ಫಲ ಕಾಣಲು 4ರಿಂದ 6 ವಾರ ಬೇಕು. ಸ್ಟಿರಾಯ್ಡ್ ಅಗ್ಗ, ಆದರೆ ಬಾಯಾರಿಕೆ, ಹಸಿವು, ಪದೇ ಪದೇ ಉಚ್ಚೆ. ತಿಂಗಳುಗಟ್ಟಲೆ ಕೊಡುವಂಥದ್ದಲ್ಲ. ಸೆಟಿರಿಜಿನ್ ತರಹದ ಅಲರ್ಜಿ ಮಾತ್ರೆ ನಾಯಿಗಳಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಮನುಷ್ಯರ ಶೀತದ ಮಾತ್ರೆಯಲ್ಲಿ ಸ್ಯೂಡೊಎಫಿಡ್ರಿನ್ ಸೇರಿದ್ದರೆ ಅದು ನಾಯಿಗೆ ವಿಷ. ಅಲರ್ಜಿಯ ರಕ್ತ ಅಥವಾ ಚರ್ಮದ ಪರೀಕ್ಷೆಗೆ ಅರ್ಥ ಬರುವುದು ಈ ಹಂತದಲ್ಲಿ ಮಾತ್ರ. ಯಾವ ಧೂಳು, ಯಾವ ಪರಾಗ ಅಂತ ನೋಡಿ ಅದರದೇ ಲಸಿಕೆ ಮಾಡಿಸಲು ಅದು ಬೇಕು. ಅಂಥ ಲಸಿಕೆಯ ಫಲವನ್ನು ಅಳೆಯಲು ಒಂದು ವರ್ಷ ಕಾಯಬೇಕು.

ಮನೆಯಲ್ಲಿ ಮಾಡುವ ಕೆಲಸ ಇಷ್ಟು: ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿ ನೀರಲ್ಲಿ ಒಗೆಯುವುದು, ಪಾರ್ಥೇನಿಯಂ ಇರುವ ಖಾಲಿ ಸೈಟಿನೊಳಗೆ ಬಿಡದಿರುವುದು, ವಾಕಿಂಗ್ ಮುಗಿಸಿ ಬಂದ ಮೇಲೆ ನಾಲ್ಕೂ ಪಾದ, ಹೊಟ್ಟೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸುವುದು. ಮೀನೆಣ್ಣೆ ಈಗ ಶುರು ಮಾಡಿ, ಫಲಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಮೀನಿಗೇ ಅಲರ್ಜಿ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಹತೋಟಿಯಲ್ಲಿದ್ದ ನಾಯಿ ಮತ್ತೆ ಕೆರೆಯಲು ಶುರು ಮಾಡಿದರೆ ಔಷಧಿ ಏರಿಸುವ ಮುಂಚೆ ಮೇಲಿನ ಕ್ರಮವನ್ನೇ ಇನ್ನೊಮ್ಮೆ ನೋಡಿ. ಚಿಗಟದ ಮಾತ್ರೆಯ ತಾರೀಖು ದಾಟಿದೆಯಾ? ಕಿವಿಯ ಅಂಚಿನಲ್ಲಿ ಹೊಸ ಹೊಟ್ಟು ಎದ್ದಿದೆಯಾ? ಕಿವಿ, ಪಾದ ಮೂಸಿದರೆ ಕಮಟು ಬರುತ್ತಿದೆಯಾ? ಮನೆಗೆ ನೆಂಟರು ಬಂದಿದ್ದರಾ, ಏನಾದರೂ ತಿನ್ನಿಸಿದರಾ? ಹೆಚ್ಚಿನ ಸಲ ಕಾರಣ ಈ ನಾಲ್ಕರಲ್ಲೇ ಸಿಗುತ್ತದೆ. ಸಿಗದಿದ್ದರೆ ಅಂಕ ಬರೆದ ಕ್ಯಾಲೆಂಡರ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.